ಉಲ್ಟಾ ಗುಡಿಯ ಹುಲಿಗೆಪ್ಪ

ನನ್ನ ಸೋದರಮಾವ ಹುಲಿಗೆಪ್ಪ ಹುಣ್ಣಿಮೆ ತಪ್ಪಿಸದೆ ಹುಲಿಗೆಮ್ಮನ ದರ್ಶನಕ್ಕೆ ಹೋಗಿಬರುವ ಮನುಷ್ಯ. ಶ್ರಾವಣದಲ್ಲಿ ಮಾಂಸ ಮುಟ್ಟುವುದಿಲ್ಲ. ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಳ್ಳದೆ ಮನೆಯ ಹೊಸ್ತಿಲು ದಾಟುವುದಿಲ್ಲ. ಅಂಥವನ ಉಡಿದಾರಕ್ಕೆ ಹರೆಯದಿಂದ ಇಲ್ಲಿಯವರೆಗೆ ಜೋತುಬಿದ್ದಿರುವುದು ಮಾತ್ರ ಚರ್ಚಿನ ಕೀಲಿ. ಇದು ಹೇಗೆ ಎಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಹೊರಗಿನವರು ಕೇಳಿದರೆ ನನಗೆ ರೇಗುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಬೇರೆ ಮಾತು.

ನಾನು ರೇಣುಕಮ್ಮ. ಈಗ ತಾವರಗೇರಾದಲ್ಲಿ ಅಂಗನವಾಡಿ ನಡೆಸುತ್ತೇನೆ. ಆದರೆ ಬೆಳೆದದ್ದೆಲ್ಲ ಮಾಮನ ಮನೆಯಲ್ಲಿ. ಅಪ್ಪ ಅವ್ವ ಭತ್ತ ನಾಟಿಗೆಂದು ಗಂಗಾವತಿ ಕಡೆಯ ಕ್ಯಾಂಪುಗಳಿಗೆ ಹೋಗುತ್ತಿದ್ದರು. ಸಾಲಿ ತಪ್ಪಬಾರದೆಂದು ನನ್ನನ್ನು ಮಾಮನ ಹತ್ತಿರ ಬಿಟ್ಟಿದ್ದರು. ಮಾಮ ಕಲ್ಲು ಕೆಲಸದವನು. ಬೀಸುವ ಕಲ್ಲು, ಒರಳು, ಬಾಗಿಲ ಹೊಸ್ತಿಲು, ಯಾರದೋ ಸಮಾಧಿಗೆ ಒಂದು ನಂದಿ, ಹೀಗೆ ಬಂದದ್ದೆಲ್ಲ ಕೆತ್ತುತ್ತಿದ್ದ. ಶನಿವಾರ ಮಧ್ಯಾಹ್ನ ಮಾತ್ರ ಉಳಿ ಸುತ್ತಿಗೆ ಕೆಳಗಿಟ್ಟು ಕಸಬರಿಗೆ ಹಿಡಿಯುತ್ತಿದ್ದ. ಅಷ್ಟಾದರೆ ನನಗೆ ಗೊತ್ತಾಗುತ್ತಿತ್ತು, ಗುಡಿಗೆ ಹೊರಟ ಎಂದು. ಚರ್ಚಿಗೂ ನಮ್ಮೂರಲ್ಲಿ ಗುಡಿ ಎಂದೇ ಹೆಸರು. ನಾನು ಹಿಂದೆಯೇ ಓಡುತ್ತಿದ್ದೆ.

ನಮ್ಮೂರು ಅಳವಂಡಿಯಿಂದ ಒಳಗೆ, ಎರೆಹೊಲಗಳ ನಡುವೆ ಇದೆ. ಬಸ್ಸು ಇಳಿದವರಿಗೆ ಮೊದಲು ಕಾಣುವುದೇ ಆ ಗುಡಿ. ಹಿರಿಯರು ಅದಕ್ಕೆ ಪಾದ್ರಿ ಗುಡಿ ಅಂದರು, ನಗೆಚಾಟಿಕೆಯವರು ಉಲ್ಟಾ ಗುಡಿ ಅಂದರು. ಉಳಿದದ್ದು ಎರಡನೆಯದೇ. ಗುಡಿಯ ಆವರಣಕ್ಕೆ ಚಾವಣಿ ಇರುವ ಒಂದು ದೊಡ್ಡ ಗೇಟು. ಅದನ್ನು ಕಟ್ಟಿಸಿದ ಪಾದ್ರಿಯ ದೇಶದಲ್ಲಿ ಹೆಣ ಹೊತ್ತು ತಂದವರು ಒಳಗೆ ಬರುವ ಮುನ್ನ ಇಂಥದೇ ಚಾವಣಿಯ ಕೆಳಗೆ ಚಟ್ಟ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದರಂತೆ. ನಮ್ಮೂರಲ್ಲಿ ಅದರ ಕೆಳಗೆ ಕೂತು ಜನ ಕೊಪ್ಪಳದ ಬಸ್ಸು ಕಾಯುತ್ತಾರೆ.

"ಏಳ್ರೋ, ಅದು ಹೆಣಾ ಇಳಿಸೋ ಜಾಗ," ಎಂದು ಮಾಮ ಕಾಡಿಸುತ್ತಿದ್ದ.

"ಈ ಬಸ್ ಕಾಯ್ಕೋತ ಕುಂತ್ರ ನಾವೂ ಇನ್ನೊಂದು ತಾಸಿಗೆ ಅದ ಆಗತೀವಿ ಬಿಡೋ ಹುಲಿಗೆಪ್ಪಾ," ಎಂದು ಕೂತವರು ಅನ್ನುತ್ತಿದ್ದರು. ಇದು ವಾರ ವಾರವೂ ನಡೆಯುತ್ತಿದ್ದ ಮಾತು. ವಾರ ವಾರವೂ ಅಷ್ಟೇ ನಗುತ್ತಿದ್ದರು.

ಗೇಟು ದಾಟಿದರೆ ಮುಖಮಂಟಪ, ಅದರ ಎರಡೂ ಕಡೆ ಕೂರಲು ಕಲ್ಲಿನ ಕಟ್ಟೆ. ಭಾನುವಾರ ಮಾಮನ ಜಾಗ ಅದು. ಗಂಟೆ ಹೊಡೆದು ಬಂದು ಆ ಕಟ್ಟೆಯ ಮೇಲೆ ಕೂತು ಒಳಗಿನ ಹಾಡು ಕೇಳುತ್ತಿದ್ದ. ಒಳಗೆ ಬೆಂಚಿನ ಮೇಲೆ ಒಂದು ದಿನವೂ ಕೂತವನಲ್ಲ. "ದೇವ್ರು ಅವರಾಂವ, ಗುಡಿ ನಮ್ಮಜ್ಜಂದು. ನನಗ ಗುಡಿ ಸಾಕು," ಅನ್ನುತ್ತಿದ್ದ.

ಒಳಗೆ ಕಾಲಿಟ್ಟರೆ ಬಲಕ್ಕೆ, ಉತ್ತರದ ಗೋಡೆಗೆ ಹತ್ತಿಕೊಂಡು, ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ಕಲ್ಲಿನ ತೊಟ್ಟಿ. ಎಂಟು ಮೂಲೆಯ ತೊಟ್ಟಿ ಬೇಕು ಎಂದಷ್ಟೇ ಪಾದ್ರಿ ಹೇಳಿದ್ದ. ಮಾಮನ ಅಜ್ಜ ವಿರುಪಾಕ್ಷಿ ಎಂಟು ಮೂಲೆ ಕೆತ್ತಿದ, ಮೂಲೆಗೊಂದು ಕಮಲ ಕೆತ್ತಿದ, ಆಮೇಲೆ ದೇವರ ಮೇಲೆ ಬಿದ್ದ ನೀರು ಎಲ್ಲಿ ಹೋಗಬೇಕು ಎಂದು ತಾನೇ ಯೋಚಿಸಿ ಶಿವಾಲಯಕ್ಕೆ ಇಡುವ ಹಾಗೆ ಉತ್ತರಕ್ಕೆ ಒಂದು ಗೋಮುಖ ಇಟ್ಟು, ಗೋಡೆ ಕೊರೆದು ಹೊರಗೆ ಬಿಟ್ಟ. ಅಂದಿನಿಂದ ನಮ್ಮೂರಿಗೆ ಒಂದು ಪದ್ಧತಿ ಬಂತು. ಒಳಗೆ ಒಂದು ಕೂಸು ಕ್ರೈಸ್ತ ಸಭೆಗೆ ಸೇರುತ್ತಿದ್ದರೆ ಹೊರಗೆ ಗೋಮುಖದ ಕೆಳಗೆ ಊರ ಹೆಂಗಸರು ತಮ್ಮ ಕೂಸುಗಳನ್ನು ಹಿಡಿದು ನಿಲ್ಲುತ್ತಾರೆ. ಆ ನೀರು ನೆತ್ತಿಗೆ ಬಿದ್ದರೆ ಹಟ ಮಾಡಿ ಅಳುವ ಕೂಸು ಸುಮ್ಮನಾಗುತ್ತದೆ ಎಂಬ ನಂಬಿಕೆ. ನನ್ನನ್ನೂ ಹಿಡಿದಿದ್ದರಂತೆ. "ಆ ನೀರು ಎಲ್ಲಾರಿಗೂ ತಾಗೇತಿ, ನಮ್ಮ ರೇಣವ್ವಗ ಒಂದ ತಾಗಿಲ್ಲ ನೋಡು," ಎಂದು ಮಾಮನ ಹೆಂಡತಿ ದುರುಗವ್ವತ್ತಿ ಇವತ್ತಿಗೂ ಹಂಗಿಸುತ್ತಾಳೆ.

ಬೆಂಚುಗಳ ತುದಿಗೆ ಕಳಸ ಕೆತ್ತಿದೆ. ಪಾಸ್ಟರ್ ನಿಂತು ಮಾತಾಡುವ ಮರದ ಪೀಠಕ್ಕೆ ಮೆಟ್ಟಿಲು ಹತ್ತಿ ಹೋಗಬೇಕು, ಜೋಳದ ಹೊಲದಲ್ಲಿ ಗುಬ್ಬಿ ಹೊಡೆಯಲು ಹಾಕುವ ಮಂಚಿಗೆಯ ಹಾಗೆ. ಮೇಲೆ ನೋಡಿದರೆ ತೊಲೆಗಳು ಸವಾರಿ ಬಂಡಿಯ ಕಮಾನಿನಂತೆ ಬಾಗಿವೆ. ಜನ ಕೂರುವ ಜಾಗಕ್ಕೂ ಶಿಲುಬೆ ಇರುವ ಜಾಗಕ್ಕೂ ನಡುವೆ ಕಟ್ಟಿಗೆಯ ಜಾಲರಿಯ ಒಂದು ತಡಿಕೆ. ಕಿನ್ನಾಳದ ಚಿತ್ರಗಾರರು ಮಾಡಿಕೊಟ್ಟದ್ದು. ದ್ರಾಕ್ಷಿ ಬಳ್ಳಿ ಕೆತ್ತಿರಿ ಎಂದು ಪಾದ್ರಿ ಹೇಳಿದ್ದನಂತೆ. ದ್ರಾಕ್ಷಿ ಬಳ್ಳಿ ಯಾರು ಕಂಡಿದ್ದರು ಆಗ? ಹಾಗಲ ಬಳ್ಳಿ ಕೆತ್ತಿ, ಮೇಲೆ ಗಿಳಿ ಕೂರಿಸಿ, ಗಿಳಿಗೆ ಹಸಿರು ಬಣ್ಣ ಬಳಿದು ಕಳಿಸಿದರು. ತಡಿಕೆಯ ಹಿಂದೆ ರೊಟ್ಟಿ ದ್ರಾಕ್ಷಾರಸ ಇಡುವ ಪ್ರಭುಭೋಜನದ ಮೇಜು, ಅದರ ಹಿಂದೆ ಸುಣ್ಣದ ಬಿಳಿ ಗೋಡೆ. ಆ ಗೋಡೆಯದೇ ಈ ಕತೆ.

ಬಿಸಿಲ ದಿನ ಒಳಗೆ ಎಷ್ಟು ತಂಪಿರುತ್ತಿತ್ತು ಅಂತೀರಿ! ಸುಣ್ಣ, ಮೇಣದ ಬತ್ತಿ, ಬಾವಲಿ, ಹಳೆಯ ತೇಗ ಎಲ್ಲ ಸೇರಿದ ಒಂದು ವಾಸನೆ. ಮಾಮ ಕಸ ಹೊಡೆಯುತ್ತಿದ್ದರೆ ನಾನು ಬೆಂಚಿನ ಮೇಲೆ ಅಂಗಾತ ಮಲಗಿ ಗಿಳಿ ಎಣಿಸುತ್ತಿದ್ದೆ. ಹಾಡಿನ ನಂಬರು ಹಾಕುವ ಕಟ್ಟಿಗೆಯ ಹಲಗೆಯಲ್ಲೇ ನಾನು ಅಂಕಿ ಕಲಿತದ್ದು. ಈಗ ಅಂಗನವಾಡಿಯ ಮಕ್ಕಳಿಗೆ ಬಣ್ಣದ ಚಾರ್ಟು ತೋರಿಸಿ ಅಂಕಿ ಕಲಿಸುವಾಗ ಆ ಹಲಗೆ ನೆನಪಾಗುತ್ತದೆ. ಆ ತಂಪು, ಆ ವಾಸನೆ ಮತ್ತೆ ಎಲ್ಲೂ ಸಿಗಲಿಲ್ಲ.

ಕಸ ಹೊಡೆದಾದ ಮೇಲೆ ಮಾಮ ನನಗೆ ಗುಡಿಯ ಕತೆ ಹೇಳುತ್ತಿದ್ದ. ನೂರು ಸಲ ಹೇಳಿದ್ದಾನೆ. ನನಗೂ ಬಾಯಿಪಾಠ.

ಆ ಪಾದ್ರಿ ಇಂಗ್ಲೆಂಡಿನ ಯಾವುದೋ ಸಣ್ಣ ಹಳ್ಳಿಯವನು. ಅವರ ಹಳ್ಳಿಯ ಗುಡಿ ಹಂಪಿ ಕಟ್ಟುವುದಕ್ಕೂ ಮೊದಲಿನದಂತೆ. ಅವರಪ್ಪ, ಅವರಜ್ಜ, ಮುತ್ತಜ್ಜ ಎಲ್ಲರೂ ನೀರು ಹಾಕಿಸಿಕೊಂಡದ್ದು ಅಲ್ಲಿ, ಮಣ್ಣಾದದ್ದೂ ಅಲ್ಲೇ. ಇಲ್ಲಿ ಬಂದು ಎಷ್ಟು ವರ್ಷವಾದರೂ ಅದರ ಧ್ಯಾನ ಬಿಡಲಿಲ್ಲ. ಒಂದು ದಿನ ಕಣದಲ್ಲಿ ಕೂತು, ವಿರುಪಾಕ್ಷಜ್ಜನನ್ನು ಎದುರಿಗೆ ಕೂರಿಸಿಕೊಂಡು, ಕೋಲಿನಿಂದ ನೆಲದ ಮೇಲೆ ತನ್ನೂರ ಗುಡಿ ಗೀಚಿ ತೋರಿಸಿದ. ಇದು ಬಾಗಿಲು, ಇದು ತೊಟ್ಟಿ, ಇದು ಗಂಟೆ, ಇದು ದೇವರ ಮೇಜು. ಮೇಜಿನ ಹಿಂದೆ ಬಣ್ಣದ ಗಾಜಿನ ದೊಡ್ಡ ಕಿಟಕಿ, ಬಳೆಗಾರನ ಮಲಾರ ಬಿಚ್ಚಿಟ್ಟ ಹಾಗೆ ಇರುತ್ತದೆ ಎಂದನಂತೆ. "ಗಾಜು ಇಲ್ಲಿ ಸಿಗೂದಿಲ್ಲ, ಇರ್ಲಿ ಬಿಡು, ಗ್ವಾಡಿ ಹಾಕು," ಎಂದು ತಾನೇ ಸಮಾಧಾನ ಮಾಡಿಕೊಂಡ.

ಎಲ್ಲ ಹೇಳಿದ, ಒಂದು ಹೇಳಲಿಲ್ಲ. ದಿಕ್ಕು ಹೇಳಲಿಲ್ಲ. ಅವನ ದೇಶದಲ್ಲಿ ದೇವರ ಮೇಜು ಮೂಡಣಕ್ಕೆ, ಬಾಗಿಲು ಪಡುವಣಕ್ಕೆ. ಇದನ್ನೂ ಯಾರಾದರೂ ಹೇಳಿಕೊಡಬೇಕೇ ಎಂದು ಅವನು ಸುಮ್ಮನಿದ್ದ. ನಮ್ಮ ಕಡೆ ದೇವರ ಮುಖ ಮೂಡಣಕ್ಕೆ, ಬಾಗಿಲೂ ಮೂಡಣಕ್ಕೆ. ಇದನ್ನೂ ಯಾರಾದರೂ ಕೇಳುತ್ತಾರೆಯೇ ಎಂದು ಇವನು ಸುಮ್ಮನಿದ್ದ. ಅಷ್ಟರಲ್ಲಿ ಪಾದ್ರಿಗೆ ಚಳಿಜ್ವರ ಬಂತು. ಬಳ್ಳಾರಿಗೆ ಹೊತ್ತೊಯ್ದರು. ಬದುಕಿ ಬಂದರೆ ಖುಷಿಯಾಗಲಿ ಎಂದು ಅಜ್ಜ ಹಗಲೆಲ್ಲ ದುಡಿದ. ಮಳೆಗಾಲ ಮುಗಿಸಿ ಪಾದ್ರಿ ಕೋಲೂರಿಕೊಂಡು ಬಂದಾಗ ಗೋಡೆಗಳು ಆಳುದ್ದ ಎದ್ದಿದ್ದವು, ಪೂರ್ತಿ ಉಲ್ಟಾ.

ಪಾದ್ರಿ ನಿಂತ. ಬಾಗಿಲನ್ನೂ ಹೊತ್ತನ್ನೂ ನೋಡಿದ. ಯಾರೋ ಬಿಡಿಸಿ ಹೇಳಿದ ಮೇಲೆ ಅಜ್ಜ "ಕೆಡವಿ ಮತ್ತ ಕಟ್ಟತೀನ್ರಿ" ಎಂದು ಹಾರೆ ಎತ್ತಿಕೊಂಡನಂತೆ. ಪಾದ್ರಿ ಅವನ ಹೆಗಲ ಮೇಲೆ ಕೈಯಿಟ್ಟ.

"ಬ್ಯಾಡ ವಿರುಪಾಕ್ಷೀ. ನಮ್ಮೂರಾಗ ಸೂರ್ಯ ದೇವರ ಬೆನ್ನಿಂದ ಬರತಾನ. ಇಲ್ಲಿ ದೇವರ ಮಾರಿ ನೋಡಾಕ ಬರತಾನ. ಇದ ಛಲೋ ಆತು, ಇರ್ಲಿ."

ಈ ಮಾತು ಹೇಳಿ ಮಾಮ ಪ್ರತಿ ಸಲ ನನ್ನ ಕಡೆ ತಿರುಗುತ್ತಿದ್ದ. "ತಿಳೀತಿಲ್ಲೋ? ಪಾದ್ರಿನ ಛಲೋ ಆತು ಅಂದ ಮ್ಯಾಲ ಅದು ತಪ್ಪ ಹೆಂಗ ಆದೀತು? ನಮ್ಮಜ್ಜ ತಪ್ಪ ಮಾಡಿಲ್ಲ." ಉಲ್ಟಾ ಗುಡಿ ಎಂದು ಯಾರಾದರೂ ಅಂದರೆ ಅವರನ್ನು ನಿಲ್ಲಿಸಿ ಇಡೀ ಕತೆ ಹೇಳಿಯೇ ಬಿಡುತ್ತಿದ್ದ. ಮದುವೆಗೆ ಹೋದರೂ ಅದೇ, ಹೆಣಕ್ಕೆ ಹೋದರೂ ಅದೇ. ಒಮ್ಮೆ ಕುಷ್ಟಗಿ ಸಂತೆಯಲ್ಲಿ ಕುರಿ ಕೊಳ್ಳಲು ಹೋಗಿ, ಕತೆ ಹೇಳುತ್ತ ನಿಂತು, ಕುರಿಯನ್ನು ಬೇರೆಯವರ ಪಾಲು ಮಾಡಿದ.

ದುರುಗವ್ವತ್ತಿ ಮಾತ್ರ ರೊಟ್ಟಿ ಬಡಿಯುತ್ತಲೇ ಒಂದು ಚುಚ್ಚುತ್ತಿದ್ದಳು. "ಹೆತ್ತವರಿಗೆ ಹೆಗ್ಗಣ ಮುದ್ದು. ನಿಮ್ಮಜ್ಜನ ಮಾರಿ ಸಣ್ಣಾಗಿದ್ದು ನೋಡಿ ಪಾಪ ಆ ಪಾದ್ರಿ ಹಂಗ ಅಂದಿರಬೇಕು. ಅವನ ಹೊಟ್ಟಿಯಾಗ ಏನಿತ್ತೋ ಯಾರಿಗೆ ಗೊತ್ತು?"

"ನಿನಗೇನ ತಿಳೀತೈತಿ, ಸುಮ್ಮನಿರು."

"ಆತಪಾ, ಸುಮ್ಮನಿರತೀನಿ," ಎಂದು ಅತ್ತಿ ರೊಟ್ಟಿಯನ್ನು ಹೆಂಚಿಗೆ ಜೋರಾಗಿ ಹಾಕುತ್ತಿದ್ದಳು.

ವಿರುಪಾಕ್ಷಜ್ಜನನ್ನು ನಾನು ಕಂಡಿಲ್ಲ. ಮಾಮ ಸಣ್ಣವನಿದ್ದಾಗ ಕಂಡಿದ್ದ. ಅಜ್ಜ ಮುಪ್ಪಿನ ಕಾಲಕ್ಕೆ ದಿನಾ ಸಂಜೆ ಗುಡಿಯ ಹಿಂದೆ ಹೋಗಿ ಪಡುವಣ ಗೋಡೆಗೆ ಒರಗಿ ಕೂರುತ್ತಿದ್ದನಂತೆ, ಮಾಮನನ್ನು ತೊಡೆಯ ಮೇಲೆ ಕೂರಿಸಿಕೊಂಡು. ಒಂದು ಕೈಯಲ್ಲಿ ಚುಟ್ಟಾ, ಇನ್ನೊಂದು ಕೈ ಗೋಡೆಯ ಮೇಲೆ. ಕ್ರಿಸ್‌ಮಸ್ಸಿಗೆ ಗುಡಿಗೆ ಸುಣ್ಣ ಬಳಿಯುವಾಗ ಬೇರೆ ಗೋಡೆ ಯಾರಾದರೂ ಬಳಿಯಬಹುದು, ಮೇಜಿನ ಹಿಂದಿನ ಗೋಡೆಗೆ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. "ಇದಕ್ಕ ನಂದ ಕೈ ಆಗಬೇಕು," ಎಂದು ತಾನೇ ಬಳಿಯುತ್ತಿದ್ದ, ಗಾರೆ ಬಿರುಕು ಬಿಟ್ಟಿದ್ದರೆ ತಾನೇ ಮೆತ್ತುತ್ತಿದ್ದ. ದೇವರ ಬೆನ್ನಿನ ಗೋಡೆ ಎಂದು ಭಕ್ತಿ ಇರಬೇಕು ಅಂದುಕೊಂಡರು ಮನೆಯವರು. ಅಜ್ಜ ಸತ್ತ ಮೇಲೆ ಆ ಕೈ ಅವರಪ್ಪನದಾಯಿತು, ಆಮೇಲೆ ಮಾಮನದು. ಯಾಕೆ ಎಂದು ಮಾಮನೂ ಕೇಳಲಿಲ್ಲ.

ಹೀಗೆ ನಡೆದು ಬಂದ ಗುಡಿಗೆ ಎರಡು ವರ್ಷದ ಹಿಂದೆ ಹೊಸ ಪಾಸ್ಟರ್ ಬಂದ. ಹೆಸರು ಗೋವಿಂದರಾಜ. ಗಂಗಾವತಿಯ ಹುಡುಗ, ಅವರಜ್ಜನ ಕಾಲಕ್ಕೆ ಸಭೆ ಸೇರಿದವರು. ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಮನ ಮನೆಯ ಪಡಸಾಲೆಯಲ್ಲಿ ಕೂತು ಖಾರಬ್ಯಾಳಿ ಉಂಡವನು. ತೊಲೆಗಳಿಗೆ ಗೆದ್ದಲು ಹತ್ತಿದೆ, ದುರಸ್ತಿ ಮಾಡಿಸಬೇಕು ಎಂದು ಸಭೆಯವರನ್ನು ಒಪ್ಪಿಸಿದ. ಅಲ್ಲಿಯವರೆಗೆ ಮಾಮನಿಗೂ ಖುಷಿ. ಆಮೇಲೆ ಪಾಸ್ಟರ್ ತಲೆಗೆ ಇನ್ನೊಂದು ಬಂತು. ಹೇಗೂ ಕೆಲಸ ಮಾಡಿಸುತ್ತಿದ್ದೇವೆ, ಗುಡಿಯನ್ನು ಸರಿ ದಿಕ್ಕಿಗೆ ತಿರುಗಿಸಿಬಿಡೋಣ. ಪಡುವಣ ಗೋಡೆ ಒಡೆದು ಬಾಗಿಲು ಇಡುವುದು, ಮೇಜು ಮೂಡಣಕ್ಕೆ ಒಯ್ಯುವುದು.

ಮುಖಮಂಟಪದ ಕಟ್ಟೆಯ ಮೇಲೆ ಕೂತು ಮಾಮನಿಗೆ ಮೊಬೈಲಿನಲ್ಲಿ ಇಂಗ್ಲೆಂಡಿನ ಹಳೆಯ ಗುಡಿಗಳ ಫೋಟೋ ತೋರಿಸಿದನಂತೆ.

"ನೋಡ್ರಿ ಹುಲಿಗೆಪ್ಪಜ್ಜಾರ, ಎಲ್ಲಾ ಹಿಂಗ ಅದಾವ. ನಮ್ಮದೊಂದ ಉಲ್ಟಾ. ಇದು ನಿಮ್ಮ ಅಜ್ಜಾರ ಮ್ಯಾಲಿನ ಮಾತಲ್ರಿ. ತಿಳೀಲಾರದ ಆದ ತಪ್ಪು. ಸರಿ ಮಾಡೂದು ಛಲೋ ಅಲ್ರಿ?"

ಮಾಮ ಫೋಟೋ ನೋಡಿದ. ಎದ್ದ. ಉಡಿದಾರಕ್ಕೆ ಕೈ ಹಾಕಿ ಕೀಲಿ ಬಿಚ್ಚಿ ಕಟ್ಟೆಯ ಮೇಲಿಟ್ಟು ಮನೆಗೆ ಬಂದ. ಊಟಕ್ಕೆ ಕರೆದರೆ ಏಳಲಿಲ್ಲ. ಮರುದಿನ ಭಾನುವಾರ, ಗಂಟೆ ಹೊಡೆಯಲಿಲ್ಲ. ಅತ್ತಿ ನನಗೆ ಫೋನು ಮಾಡಿದಳು. "ಗುಡಿ ಉಲ್ಟಾ ಇತ್ತು, ಈಗ ನಿಮ್ಮ ಮಾಮ ಉಲ್ಟಾ ಆಗ್ಯಾನ. ನನ್ನ ಮಾತು ಕೇಳವಲ್ಲ. ಲಗೂನ ಬಾ ರೇಣವ್ವಾ." ತಮಾಷೆಯ ಮಾತೇ, ಆದರೆ ಅತ್ತಿ ಎಂದೂ ಹೀಗೆ ಫೋನು ಮಾಡಿ ಕರೆದವಳಲ್ಲ. ನಾನು ರಜೆ ಹಾಕಿ ಬಸ್ಸು ಹತ್ತಿದೆ.

ಮಾಮ ಗೋಡೆಗೆ ಮುಖ ಮಾಡಿ ಮಲಗಿದ್ದ. ಆ ಬೆನ್ನು ನೋಡಿ ನನಗೆ ಅಳುವೇ ಬಂತು. ಎಂಥಾ ಬೆನ್ನು ಅದು, ಎರಡು ಆಳಿನ ಕಲ್ಲು ಒಬ್ಬನೇ ಹೊತ್ತ ಬೆನ್ನು.

"ಏನ ಮಾಮಾ, ಗುಡಿ ಯಾವ ಕಡಿ ತಿರುಗಿದ್ರ ನಿನಗೇನು? ನೀ ಏನ ಒಳಗ ಕುಂದರಾಂವೇನು?" ಎಂದೆ, ಸಿಟ್ಟು ಮಾಡಿದರಾದರೂ ಎದ್ದಾನು ಎಂದು.

"ರೇಣವ್ವಾ, ಇವರು ಗ್ವಾಡಿ ಒಡದ್ರ ಏನಾಗತೈತಿ ಗೊತ್ತೇನು? ವಿರುಪಾಕ್ಷಿ ತಪ್ಪ ಮಾಡಿದ ಅಂತ ಕಲ್ಲಾಗ ಬರದಾಂಗ ಆಗತೈತಿ. ನಮ್ಮಪ್ಪ ಜೀವಮಾನ ಪೂರ್ತಿ ಇಲ್ಲ ಅಂದ, ನಾನೂ ಇಲ್ಲ ಅಂದೆ. ನಾ ಇರೂ ಹೊತ್ತಿಗೇ ಹಿಂಗ ಆಗಬೇಕಾ?"

ನನಗೆ ರೋಷ ಉಕ್ಕಿತು. ನೆಟ್ಟಗೆ ಪಾಸ್ಟರ್ ಹತ್ತಿರ ಹೋದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನೂರು ವರ್ಷ ಉಲ್ಟಾ ಕೂತೇ ನಿಮ್ಮ ಸಭೆಯ ಹಿರಿಯರು ಪ್ರಾರ್ಥನೆ ಮಾಡಿದರಲ್ಲ, ಅದೇನು ಮೇಲಕ್ಕೆ ಮುಟ್ಟಲಿಲ್ಲವೇ ಎಂದೆ. ಪಾಪದ ಹುಡುಗ, ತಲೆ ತಗ್ಗಿಸಿ ಕೇಳಿಸಿಕೊಂಡ. "ಅಕ್ಕಾರ, ಸಭಾದವರು ಒಪ್ಯಾರ್ರಿ. ಈಗ ನನ್ನ ಕೈಯಾಗ ಏನೂ ಇಲ್ರಿ. ಬರೂ ವಾರ ಗಂಗಾವತಿಯಿಂದ ಮಶೀನ್ ಬರತೈತಿ," ಎಂದ. ಜಗಳವೆಂದರೆ ಎದುರಿನವರೂ ಮಾತಾಡಬೇಕು. ಹೀಗೆ ತಗ್ಗಿದವರ ಹತ್ತಿರ ಎಷ್ಟು ಹೊತ್ತು ಕೂಗಲಿ? ವಾಪಸು ಬಂದೆ.

ಮಶೀನ್ ಎಂಬ ಮಾತು ಕೇಳಿದ್ದೇ ಮಾಮ ಎದ್ದು ಕೂತ. "ಮಶೀನ್ ಹಚ್ಚತಾರ? ಗಾರಿ ಗ್ವಾಡಿಗೆ? ಅದು ಗಡಗಡ ಅಂದ್ರ ಗಂಟಿ ಗೋಪುರ ಕೂಡಾ ಬೀಳತೈತಿ, ಹುಚ್ಚರೇನು ಅವರು!"

"ಹಂಗಾರ ನೀ ತಗಿ," ಅಂದಳು ದುರುಗವ್ವತ್ತಿ. ಅಷ್ಟೇ ಅಂದಳು. ಮಾಮ ಅವಳ ಮುಖ ನೋಡಿದ. "ತಗಿಯೂದಂತೂ ತಗೀತಾರ. ಮಂದಿ ಕೈಯಾಗ ಯಾಕ ಕೊಡತಿ? ನಿಮ್ಮಜ್ಜ ಇಟ್ಟ ಕಲ್ಲು ನೀ ತಗಿ. ಸತ್ತವರ ಮೈ ತೊಳಿಯೂದು ಮನಿಯವರ ಕೆಲಸ."

ಮರುದಿನ ಬೆಳಿಗ್ಗೆ ಮಾಮ ಜಳಕ ಮಾಡಿ, ಭಂಡಾರ ಹಚ್ಚಿಕೊಂಡು, ಉಳಿ ಸುತ್ತಿಗೆ ಹಾರೆ ತೆಗೆದುಕೊಂಡು ಹೊರಟ. ವಯಸ್ಸಾದ ಮೇಲೆ ಬಲಭುಜ ಮೇಲಕ್ಕೆ ಏಳುವುದಿಲ್ಲ, ಮೊಣಕಾಲು ಮಡಚುವುದಿಲ್ಲ. ನಾನು, ಅತ್ತಿ ಹಿಂದೆ. ಪಾಸ್ಟರ್ ಬಂದು ಕೀಲಿ ಮಾಮನ ಕೈಗಿಟ್ಟ. ಮಾಮನೇ ಬಾಗಿಲು ತೆಗೆದ. ಮೇಜು ಸರಿಸಿದರು. ಮಾಮ ಗೋಡೆಗೆ ಕೈಮುಗಿದು, ಒಂದು ತೆಂಗಿನಕಾಯಿ ಒಡೆದು, ಸುಣ್ಣದ ಮೇಲೆ ಉಳಿ ಇಟ್ಟ.

ಸುಣ್ಣದ ಪದರ ಒಂದರ ಹಿಂದೊಂದು ಉದುರಿತು. ಮಾಮನ ಕೈ, ಅವರಪ್ಪನ ಕೈ, ಅಜ್ಜನ ಕೈ. ಅಷ್ಟೂ ವರ್ಷದ ಕ್ರಿಸ್‌ಮಸ್ಸುಗಳೆಲ್ಲ ನೆಲದ ಮೇಲೆ ಪುಡಿಯಾಗಿ ಬಿದ್ದವು. ಗಾರೆಯ ಮೆತ್ತಿಗೆ ಬಿಟ್ಟ ಮೇಲೆ ಕಲ್ಲು ಕಂಡವು. ಎದೆಮಟ್ಟದಲ್ಲಿ ಒಂದು ಕಲ್ಲಿನ ಸಂದಿಗೆ ಹಾರೆ ಹಾಕಿ ಮಾಮ ಮೈಭಾರ ಬಿಟ್ಟ. ಕಲ್ಲು ಸಲೀಸಾಗಿ ಹೊರಗೆ ಬಂದುಬಿಟ್ಟಿತು, ಮಾಮ ಹಿಂದಕ್ಕೆ ಜೋಲಿ ಹೊಡೆದ.

"ಗಾರಿ ಇಲ್ಲ," ಎಂದ. ಸಂದಿಗೆ ಬೆರಳು ಹಾಕಿ ಮುಟ್ಟಿ ನೋಡಿದ. "ಬರೇ ಮಣ್ಣು. ಅಜ್ಜ ಹಿಂಗ ಮಾಡಾಂವ ಅಲ್ಲ."

ಪಕ್ಕದ ಕಲ್ಲಿಗೆ ಹಾರೆ ಹಾಕಿದ. ಅದು ಅಲುಗಲಿಲ್ಲ. ಕಬ್ಬಿಣದ ಹಾಗೆ ಗಾರೆ ಕುಡಿದು ಕೂತಿತ್ತು. ಮಾಮ ಹಾರೆ ಬಿಟ್ಟು ಸುಣ್ಣ ಕೆರೆಯತೊಡಗಿದ, ಮೇಲಕ್ಕೆ, ಇನ್ನೂ ಮೇಲಕ್ಕೆ. ಭುಜ ಏಳದ ಮನುಷ್ಯ ಸ್ಟೂಲಿನ ಮೇಲೆ ನಿಂತು ಎರಡೂ ಕೈಯಲ್ಲಿ ಕೆರೆದ. ಗಟ್ಟಿ ಕೂತ ಕಲ್ಲುಗಳ ಸಾಲು ಮೇಲೆ ಹೋಗಿ, ಬಾಗಿ, ಆಚೆ ಇಳಿಯಿತು. ನೆತ್ತಿಯಲ್ಲಿ ಒಂದು ಕಲ್ಲು, ಅದರ ಮೇಲೆ ಒಂದು ಕಮಲ.

ಕಮಾನು. ಗೋಡೆಯೊಳಗೆ ಒಂದು ಪೂರಾ ಬಾಗಿಲು ಇತ್ತು.

ಮಾಮ ಕೆಳಗಿಳಿದು ನೆಲಕ್ಕೆ ಕೂತು ಬುಡದ ಮಣ್ಣು ಕೈಯಿಂದಲೇ ಬಾಚಿದ. ಹೊಸ್ತಿಲು ಕಂಡಿತು, ನುಣ್ಣಗೆ ಕೆತ್ತಿದ ಕರಿಕಲ್ಲಿನ ಹೊಸ್ತಿಲು. ಎರಡೂ ತುದಿಗೆ ಕದದ ಗೂಟ ಕೂರಲು ಗುಣಿ ಕೊರೆದಿತ್ತು. ಒಬ್ಬರೂ ತುಳಿಯದ ಹೊಸ್ತಿಲು. ಉಳಿಯ ಗೀರು ನಿನ್ನೆ ಮೊನ್ನೆ ಹಾಕಿದ ಹಾಗಿತ್ತು.

"ಅಯ್ಯ ಶಿವನ," ಎಂದಳು ದುರುಗವ್ವತ್ತಿ. "ಗೊತ್ತಿತ್ತು ನಿಮ್ಮಜ್ಜಗ."

ಗೊತ್ತಿತ್ತು. ಪಾದ್ರಿ ಛಲೋ ಆತು ಅಂದದ್ದು ತನ್ನ ಮುಖ ನೋಡಿ ಎಂದು ಅಜ್ಜನಿಗೆ ಅವತ್ತೇ ಗೊತ್ತಿತ್ತು. ಕೆಡವಲು ಪಾದ್ರಿ ಬಿಡಲಿಲ್ಲ. ಅದಕ್ಕೆ ಪಡುವಣ ಗೋಡೆಯ ನಡುಭಾಗವಷ್ಟನ್ನೇ ಬಿಚ್ಚಿ ಮತ್ತೆ ಎಬ್ಬಿಸುವಾಗ ಒಳಗೊಂದು ಬಾಗಿಲು ಇಟ್ಟ. ನಡುವೆ ಬರೀ ಮಣ್ಣಿನಲ್ಲಿ ಕಲ್ಲು ಪೇರಿಸಿ, ಮೇಲೆ ಸುಣ್ಣ ಬಳಿದ. ಪಾದ್ರಿಗೆ ಎಂದಾದರೂ ತನ್ನೂರ ಗುಡಿಯ ಹಂಬಲ ತಡೆಯದೆ ಹೋದರೆ ಒಂದು ಹಗಲಲ್ಲಿ ತೆರೆದುಕೊಡಬೇಕೆಂದು. ಪಾದ್ರಿ ಕೇಳಲಿಲ್ಲ, ಅಜ್ಜನಿಗೆ ಬೇಸರವಾದೀತೆಂದು. ಅಜ್ಜ ಹೇಳಲಿಲ್ಲ, ಪಾದ್ರಿಯ ಮಾತು ಸುಳ್ಳು ಮಾಡಿದ ಹಾಗಾದೀತೆಂದು. ಇಬ್ಬರೂ ಹಾಗೆಯೇ ಸತ್ತರು, ಒಬ್ಬ ಕಡಲಾಚೆ, ಒಬ್ಬ ಇಲ್ಲಿ.

ಮಾಮ ಹೊಸ್ತಿಲ ಮೇಲೆ ಹಣೆ ಇಟ್ಟು ಅತ್ತ. ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ಅತ್ತಿ ಸೆರಗಿನಿಂದ ಅವನ ತಲೆಯ ಮೇಲಿನ ಸುಣ್ಣದ ಪುಡಿ ಒರೆಸುತ್ತ ನಿಂತಿದ್ದಳು. ಅವಳ ಮಾತೇ ನಿಜವಾಗಿತ್ತು, ಆದರೂ ಒಂದು ಸಲವೂ ನಾ ಹೇಳಿರಲಿಲ್ಲೇನು ಅನ್ನಲಿಲ್ಲ.

ಪಾಸ್ಟರ್ ಗೋವಿಂದರಾಜನ ಕಣ್ಣೂ ತುಂಬಿತ್ತು. "ಬ್ಯಾಡ್ರಿ ಅಜ್ಜಾರ. ಹಿಂಗ ಇರ್ಲಿ ಬಿಡ್ರಿ. ನಾ ಸಭಾದವರಿಗೆ ಹೇಳತೀನಿ. ಕಲ್ಲು ಮತ್ತ ಇಟ್ಟುಬಿಡೋಣ್ರಿ."

ಮಾಮ ಎದ್ದ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಯಾಕ? ನಮ್ಮಜ್ಜ ಮಾಡಿದ ಬಾಗ್ಲ ಐತಿ ಇದು. ಇದನ್ನ ತಗಿಯೂದೊಂದ ಬಾಕಿ ಇತ್ತು," ಎಂದ. "ಮಶೀನ್ ಬ್ಯಾಡಂತ ಫೋನ್ ಮಾಡ್ರಿ. ರೇಣವ್ವಾ, ಆ ಹಾರಿ ಕೊಡು."

ಆಮೇಲಿನ ಕೆಲಸ ಭಾಳ ದಿನ ಹಿಡಿಯಿತು, ನಾನು ನಡುನಡುವೆ ಹೋಗಿ ಬಂದೆ. ಮೂಡಣದ ಹಳೆಯ ತೇಗದ ಕದ ಕಳಚಿ ತಂದು ಪಡುವಣದ ಹೊಸ್ತಿಲಿನಲ್ಲಿ ನಿಲ್ಲಿಸಿದರು. ಗೂಟ ಗುಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಗಿಳಿಗಳ ತಡಿಕೆ, ಮೇಜು, ಮಂಚಿಗೆಯಂಥ ಪೀಠ ಎಲ್ಲ ಈ ತುದಿಯಿಂದ ಆ ತುದಿಗೆ ಹೋದವು. ತೊಟ್ಟಿ ಬಾಗಿಲ ಹತ್ತಿರ ಇರಬೇಕು, ಅದಕ್ಕೆ ಅದೂ ಪಡುವಣಕ್ಕೆ ಬಂತು. ಆದರೆ ಗೋಮುಖ ಉತ್ತರಕ್ಕೇ ಇರಬೇಕು ಎಂದು ಮಾಮ ಪಟ್ಟು ಹಿಡಿದ. ಉತ್ತರದ ಗೋಡೆಯಲ್ಲಿಯೇ ಹೊಸದಾಗಿ ತೂತು ಕೊರೆದ. "ಇದೂ ತಪ್ಪ ಏನ್ರಿ?" ಎಂದು ಪಾಸ್ಟರನನ್ನು ಕೇಳಿದ. "ಇದು ಇಂಗ್ಲೆಂಡಿನಾಗ ಇಲ್ರಿ," ಎಂದ ಪಾಸ್ಟರ್. "ಅವರ ಪುಣ್ಯ ಅಷ್ಟ," ಎಂದು ಮಾಮ ಉಳಿ ಹೊಡೆದ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮಾಮ ವಾಪಸು ಬಂದಿದ್ದ. ನನಗೆ ಜೀವ ಬಂದ ಹಾಗಾಯಿತು.

ಮೂಡಣದ ಬಾಗಿಲು ಖಾಲಿಯಾಗಿ ಉಳಿಯಿತು. ಅದನ್ನು ಕಲ್ಲಿನಿಂದ ಮುಚ್ಚಲು ಸಭೆಯವರು ಹೇಳಿದರು. ಮಾಮ ಒಪ್ಪಲಿಲ್ಲ. ಗಂಗಾವತಿಯಲ್ಲಿ ಕಿಟಕಿ ಗಾಜಿನ ಅಂಗಡಿ ಇಟ್ಟಿರುವ ತೌಸೀಫ ಎಂಬವನನ್ನು ಕರೆಸಿದ. "ಯಾವ ಡಿಜೈನ್ ಬೇಕ್ರಿ ಚಾಚಾ?" ಎಂದು ಅವನು ಕೇಳಿದರೆ, "ಬಳಿಗಾರನ ಮಲಾರ ನೋಡೀಯೇನು? ಹಂಗ ಇರಬೇಕು," ಎಂದ. ತೌಸೀಫ ತಲೆ ಕೆರೆದುಕೊಂಡು ಹೋಗಿ ಕೆಂಪು, ಹಸಿರು, ಹಳದಿ, ನೀಲಿ ಗಾಜಿನ ಚೌಕಗಳನ್ನು ಕೂಡಿಸಿ ತಂದು ಕಮಾನಿಗೆ ಕೂರಿಸಿದ.

ಹೊಸ ಬಾಗಿಲಿನ ಮೊದಲ ಭಾನುವಾರ ನಾನು ಬಂದಿದ್ದೆ. ಮಾಮ ಗಂಟೆ ಹೊಡೆದ. ಜನ ಪಡುವಣದಿಂದ ಒಳಗೆ ಹೋದರು. ಮೂಡಣದಲ್ಲಿ ಹೊತ್ತು ಏರಿತು. ಯವ್ವಾ, ಏನು ಹೇಳಲಿ ಅದನ್ನು! ಶಿಲುಬೆಯ ಹಿಂದಿನ ಗಾಜೆಲ್ಲ ಹೊತ್ತಿಕೊಂಡಂತಾಗಿ ಬಣ್ಣ ಮೇಜಿನ ಮೇಲೆ, ಗಿಳಿಗಳ ಮೇಲೆ, ಪಾಸ್ಟರನ ಬಿಳಿ ಅಂಗಿಯ ಮೇಲೆ, ಬೆಂಚಿನ ಮೇಲೆ ಕೂತ ಮುದುಕಿಯರ ಮುಖದ ಮೇಲೆ ಇಳಿಯಿತು. ಪಾದ್ರಿ ಕಣದಲ್ಲಿ ಕೋಲಿನಿಂದ ಗೀಚಿ ತೋರಿಸಿದ್ದ ಗುಡಿ ಅದು.

ಮುಖಮಂಟಪದ ಕಟ್ಟೆ ಈಗ ಗುಡಿಯ ಹಿಂದಾಗಿತ್ತು. ಮಾಮನಿಗೆ ಕೂರಲು ಜಾಗವಿರಲಿಲ್ಲ. ಪಡುವಣ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಪಾಸ್ಟರ್ ಮಂಚಿಗೆಯ ಮೇಲಿಂದಲೇ ಕರೆದ, "ಹುಲಿಗೆಪ್ಪಜ್ಜಾರ, ಒಳಗ ಬರ್ರಿ." ಮಾಮ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ತುಳಿಯದೆ ದಾಟಿ, ಕೊನೆಯ ಬೆಂಚಿನ ಮೇಲೆ ಕೂತ. ಹಾಡು ಮುಗಿಯುವವರೆಗೆ ಆ ಗಾಜನ್ನೇ ನೋಡುತ್ತಿದ್ದ.

ಸಂಜೆ ಅವನು ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದೆ. ಗುಡಿಯ ಪಡುವಣಕ್ಕೆ, ಹೊಸ್ತಿಲ ಪಕ್ಕ, ವಿರುಪಾಕ್ಷಜ್ಜ ಕೂರುತ್ತಿದ್ದ ಜಾಗದಲ್ಲಿ ಕೂತಿದ್ದ.

"ಏಳು ಮಾಮಾ, ಅತ್ತಿ ರೊಟ್ಟಿ ಬಡದು ಕಾಯಾಕತ್ಯಾಳ."

"ಅಜ್ಜ ದಿನಾ ಇಲ್ಲಿ ಕುಂದರತಿದ್ದ ರೇಣವ್ವಾ," ಎಂದ. ಕೈ ಹೊಸ್ತಿಲ ಮೇಲಿತ್ತು. "ದಣದು ಕುಂತಾನ ಅಂತ ನಾ ತಿಳದಿದ್ದೆ. ಯಾರರೆ ಕೇಳ್ಲಿ ಅಂತ ಬಾಗ್ಲದ ಮುಂದ ಕುಂತಿದ್ದ ಮುದುಕ. ನಾ ತೊಡಿ ಮ್ಯಾಲ ಕುಂತು ಏನೇನೋ ಕೇಳಿದೆ. ಇದೊಂದ ಕೇಳಲಿಲ್ಲ."

ನಾನೂ ಅವನ ಪಕ್ಕದಲ್ಲಿ ಕೂತೆ.